ಸೂರಿನ ಕೆಲಸಕ್ಕೆ ಸರ್ಟಿಫಿಕೇಟು: ಕೊಳಗ ಯಾರ ಕೈಯಲ್ಲಿ?

ತೂಬಗೆರೆ ಹೋಬಳಿಯಿಂದ ದೊಡ್ಡಬಳ್ಳಾಪುರದ ಪೇಟೆಯವರೆಗೆ ದುಡಿಯುವ ಜನರ ಮನೆಗಳನ್ನು ನೋಡಿ. ಹಂಚು ಹೋಗಿ ಶೀಟು ಬಂದಿದೆ. ಬೇಸಗೆಯ ಮಧ್ಯಾಹ್ನ ಆ ಶೀಟಿನ ಕೆಳಗೆ ಕುಳಿತಿರುವುದೇ ಕಷ್ಟ. ಮಗ್ಗದ ಮನೆಯಲ್ಲಾದರೆ ಕುಳಿತಿರುವ ಮಾತೇ ಇಲ್ಲ. ಶೀಟಿನ ಕಾವು ಮೇಲಿನಿಂದ, ಮೋಟಾರಿನ ಕಾವು ಪಕ್ಕದಿಂದ, ನಡುವೆ ನಿಂತು ದುಡಿಯಬೇಕು. ಮಳೆ ಬಂತೆಂದರೆ ಮೊಳೆಯ ತೂತಿನಿಂದ ತೊಟ್ಟಿಕ್ಕುವ ನೀರು ಹಾಸಿನ ಮೇಲೆ ಬಿದ್ದು ಸೀರೆ ಕಲೆಯಾಗುತ್ತದೆ. ಆ ನಷ್ಟ ನೇಯ್ದವನ ಕೂಲಿಯಲ್ಲಿ ಮುರಿದುಹೋಗುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದ ಗಿರಣಿ ಕೆಲಸಗಾರನಿಗೆ ಹಗಲು ನಿದ್ದೆಯಿಲ್ಲ. ಶೀಟಿನಂಗಡಿಯ ಚಿಲ್ಲರೆ ವ್ಯಾಪಾರಿಯ ಬೆಲ್ಲ ಬೇಸಗೆಯಲ್ಲಿ ಕರಗುತ್ತದೆ, ಮಳೆಯಲ್ಲಿ ಜಿನುಗುತ್ತದೆ.

ಇದು ಹಣೆಬರಹವಲ್ಲ. ಸೂರಿಗೆ ಬಿಳಿಯ ಸುಣ್ಣವನ್ನೋ ಬಿಸಿಲನ್ನು ಹಿಂದಕ್ಕೆ ಹೊಡೆಯುವ ಬಣ್ಣವನ್ನೋ ಬಳಿಯುವುದು, ಶೀಟಿನ ಕೆಳಗೆ ಕಾವು ತಡೆಯುವ ಹಾಸು ಕಟ್ಟುವುದು, ಸಂದುಗಳನ್ನು ಮುಚ್ಚುವುದು, ಬಿಸಿಗಾಳಿ ಮೇಲಿನಿಂದ ಹೊರಹೋಗಲು ದಾರಿ ಬಿಡುವುದು: ಇಷ್ಟರಿಂದಲೇ ಮನೆಯ ಕಾವು ಗಣನೀಯವಾಗಿ ಇಳಿಯುತ್ತದೆ. ಅಮೆರಿಕದಂಥ ಬಂಡವಾಳಶಾಹಿ ದೇಶದಲ್ಲೂ, ಎಣ್ಣೆಯ ಬೆಲೆ ಏರಿ ಬಡವರು ಚಳಿಯಲ್ಲಿ ನಡುಗಿದಾಗ, 1976ರಲ್ಲಿ ಸರ್ಕಾರವೇ ಬಡವರ ಮನೆಗಳನ್ನು ಭದ್ರಪಡಿಸುವ ಕಾರ್ಯಕ್ರಮ ಹಾಕಿಕೊಂಡಿತು. ಅದು ಇಂದಿಗೂ ನಡೆದಿದೆ. ನಮ್ಮ ದೇಶದಲ್ಲಿ ಅಹಮದಾಬಾದ್ ನಗರ 2010ರ ಬಿಸಿಗಾಳಿಯ ಸಾವುಗಳಿಂದ ಪಾಠ ಕಲಿತು 2013ರಲ್ಲಿ ಯೋಜನೆ ಮಾಡಿತು. 2017ರಿಂದ ಕೊಳೆಗೇರಿ ಮನೆಗಳ ಸೂರಿಗೆ ಬಿಳಿ ಬಳಿಸಿತು. ನೆರೆಯ ತೆಲಂಗಾಣ 2023ರಲ್ಲಿ ತಂಪು ಸೂರುಗಳಿಗಾಗಿ ಐದು ವರ್ಷದ ನೀತಿಯನ್ನೇ ಪ್ರಕಟಿಸಿತು. ಇಂದಲ್ಲ ನಾಳೆ ಈ ಕೆಲಸ ನಮ್ಮ ಊರುಗಳಿಗೂ ದೊಡ್ಡದಾಗಿ ಬಂದೇ ಬರುತ್ತದೆ. ಬಂದಾಗ ಏಣಿ ಹತ್ತುವವರು ಯಾರು? ಅವರಿಗೆ ಕಲಿಸುವವರು ಯಾರು? ಕಲಿತವನೆಂದು ಒಪ್ಪುವವರು ಯಾರು? ಈ ಮೂರು ಪ್ರಶ್ನೆಗಳನ್ನು ಕಂಟ್ರಾಕ್ಟರು ಬರುವ ಮೊದಲೇ ಕೇಳಬೇಕೆಂಬುದು ನಮ್ಮ ವಾದ.

ಕೇಳದೆ ಹೋದರೆ ಏನಾಗುತ್ತದೆಂಬುದಕ್ಕೆ ಆಸ್ಟ್ರೇಲಿಯ ಸಾಕ್ಷಿ. ಅಲ್ಲಿನ ಸರ್ಕಾರ 2009ರಲ್ಲಿ ಮನೆಗಳ ಚಾವಣಿಗೆ ಕಾವು ತಡೆಯುವ ಹಾಸು ಹಾಕಿಸುವ ದೊಡ್ಡ ಯೋಜನೆಯನ್ನು ಆತುರಾತುರವಾಗಿ ಆರಂಭಿಸಿತು. ಮೇಸ್ತ್ರಿಗೆ ಮಾತ್ರ ಅರ್ಹತೆ ಇದ್ದರೆ ಸಾಕು, ಚಾವಣಿಯೊಳಗೆ ತೆವಳುವ ಕೂಲಿಯವನಿಗೆ ಬೇಕಾಗಿಲ್ಲವೆಂದು ನಿಯಮ ಸಡಿಲಿಸಿತು. ನಾಲ್ವರು ಯುವಕರು ಸತ್ತರು. ಮೂವರು ವಿದ್ಯುತ್ ಹೊಡೆದು, ಒಬ್ಬ ಚಾವಣಿಯ ಕಾವಿನಿಂದ. ಅವರಲ್ಲಿ ಒಬ್ಬನಿಗೆ 16 ವರ್ಷ. 2010ರ ಫೆಬ್ರವರಿಯಲ್ಲಿ ಯೋಜನೆ ನಿಂತಿತು. 2014ರಲ್ಲಿ ವಿಚಾರಣಾ ಆಯೋಗ ಸರ್ಕಾರದ ತಪ್ಪನ್ನು ಎತ್ತಿ ತೋರಿಸಿತು. ಸತ್ತವರು ಎದ್ದು ಬರಲಿಲ್ಲ.

ನಮ್ಮಲ್ಲಿ ಅಪಾಯ ಅದಕ್ಕಿಂತ ಕಡಿಮೆಯೇ? ಮಗ್ಗದ ಮನೆಯ ವೈರುಗಳು ಶೀಟಿನ ಕೆಳಗೇ ಹರಿದಿರುತ್ತವೆ. ತಗಡಿನ ಹಾಸಿಗೆ ಹೊಡೆದ ಮೊಳೆಯೊಂದು ವೈರನ್ನು ಚುಚ್ಚಿದರೆ ಇಡೀ ಸೂರಿಗೆ ಕರೆಂಟು ಹರಿಯುತ್ತದೆ. ಹಳೆಯ ಸಿಮೆಂಟ್ ಶೀಟು ಕಾಲಿಟ್ಟರೆ ಮುರಿಯುತ್ತದೆ. ತೊಲೆಯ ಮೇಲೆ ಹಲಗೆ ಹಾಕಿ ನಡೆಯಬೇಕು. ಅದು ಆಸ್‌ಬೆಸ್ಟಾಸ್, ಅಂದರೆ ಕಲ್ನಾರಿನ ಶೀಟಾಗಿದ್ದರೆ ಬಣ್ಣ ಹಿಡಿಯಲೆಂದು ಒಣಗಿದ್ದಾಗಲೇ ತಂತಿಬ್ರಷ್ಷಿನಿಂದ ಉಜ್ಜುವವನ ಎದೆಗೆ ಅದರ ಧೂಳು ಇಳಿಯುತ್ತದೆ. ರೋಗ ಕಾಣಿಸುವುದು ಹತ್ತಾರು ವರ್ಷಗಳ ಮೇಲೆ. ಕಲ್ನಾರು ಕಾರ್ಮಿಕರ ಮೊಕದ್ದಮೆಯಲ್ಲಿ 1995ರಲ್ಲೇ ಸುಪ್ರೀಂ ಕೋರ್ಟು, ಕಾರ್ಮಿಕನ ಆರೋಗ್ಯವು ಬದುಕುವ ಹಕ್ಕಿನ ಭಾಗವೆಂದು ಹೇಳಿತು. ಆ ಹಕ್ಕು ಕಾರ್ಖಾನೆಯ ಗೇಟಿನೊಳಗೆ ಮಾತ್ರವೋ, ಏಣಿಯ ಮೇಲೂ ಉಂಟೋ?

ಆದುದರಿಂದ ತರಬೇತಿ ಬೇಕು, ಪರೀಕ್ಷೆ ಬೇಕು, ಪತ್ರವೂ ಬೇಕು. ಆದರೆ ಎಂಥ ಪತ್ರ? 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಗೇಣಿಯ ಭತ್ತ ಅಳೆಯುವ ಕೊಳಗದ ಮೇಲೆ. ಅಳತೆಯೇ ಧಣಿಯ ಕೈಯಲ್ಲಿದ್ದರೆ ರೈತ ಎಷ್ಟು ಬೆಳೆದರೂ ಕೈಗೆ ಹತ್ತುವುದಿಲ್ಲ ಎಂಬ ಸತ್ಯವನ್ನು ಅವರು ನಾಡಿಗೆ ಕಲಿಸಿದರು. ಸರ್ಟಿಫಿಕೇಟೂ ಒಂದು ಕೊಳಗವೇ. ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿದವನನ್ನು ಓದು ಬರಹ ಇಲ್ಲವೆಂದು ಹೊರಗಿಟ್ಟು, ಮೂರು ದಿನ ಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿಕೊಂಡವನಿಗೆ ಕೊಟ್ಟರೆ ಅದು ಧಣಿಯ ಕೊಳಗ. ಪತ್ರ ಸಿಕ್ಕಿದ ಮೇಲೂ ಹಳೆಯ ಕೂಲಿಯೇ ಆದರೆ ಅದು ಬರಿಯ ಕಾಗದ.

ದಾರಿ ಇಲ್ಲದಿಲ್ಲ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯು ಕೆಲಸದಲ್ಲೇ ಕಲಿತವರ ವಿದ್ಯೆಯನ್ನು ಪರೀಕ್ಷಿಸಿ ಪತ್ರ ಕೊಡುವ ಕ್ರಮವನ್ನು ತಂದಿತು. 2016ರ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಗಾರೆಯವರಿಗೆ ಮನೆ ಕಟ್ಟುವ ಸ್ಥಳದಲ್ಲೇ 45 ದಿನ ಕಲಿಸುವ ಏರ್ಪಾಡಾಯಿತು. 1996ರ ಕಾಯಿದೆಯ ಮೇರೆಗೆ ಕಟ್ಟಡಗಳ ವೆಚ್ಚದ ಮೇಲೆ ನೂರಕ್ಕೆ ಒಂದರಂತೆ ಎತ್ತಿದ ಸೆಸ್ಸು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತ ಬಂದಿದೆ. ಅದು ಕಾರ್ಮಿಕನ ಹೆಸರಿನ ಹಣ. ಅವನ ಕಲಿಕೆಗೆ ಬಳಸಲು ಅಡ್ಡಿ ಏನು?

ನಮ್ಮ ಬೇಡಿಕೆಗಳು ಇವು:

1. ಕಲಿಕೆ ನಿಜವಾದ ಸೂರಿನ ಮೇಲೆ ನಡೆಯಲಿ. ತೂಬಗೆರೆಯ ಶಾಲೆ, ಅಂಗನವಾಡಿ, ಮಗ್ಗದ ಮನೆಗಳಿಂದಲೇ ಆರಂಭವಾಗಲಿ.

2. ಕಲಿಯುವ ದಿನಗಳಿಗೆ ಪೂರ್ಣ ಕೂಲಿ ಕೊಡತಕ್ಕದ್ದು. ದಿನದ ಕೂಲಿ ನಂಬಿದವನು ಉಪವಾಸವಿದ್ದು ಕಲಿಯಲಾರ.

3. ಪರೀಕ್ಷೆ ಕನ್ನಡದಲ್ಲಿ, ಬಾಯಿಮಾತಿನಲ್ಲಿ, ಕೈಕೆಲಸದಲ್ಲಿ ಆಗಲಿ. ಪರೀಕ್ಷಕರ ಜೊತೆ ಕಾರ್ಮಿಕ ಸಂಘದ ಅನುಭವಿಯೊಬ್ಬನಿರಲಿ.

4. ವಿದ್ಯುತ್ ಕಡಿಯದೆ, ಸೊಂಟಕ್ಕೆ ಹಗ್ಗ ಬಿಗಿಯದೆ ಯಾರನ್ನೂ ಸೂರಿಗೆ ಹತ್ತಿಸಬಾರದು. ಅನಾಹುತವಾದರೆ ಹೊಣೆ ಕೂಲಿಯವನದಲ್ಲ, ಕಂಟ್ರಾಕ್ಟರನದು.

5. ಪತ್ರ ಪಡೆದವನಿಗೆ ಏರಿದ ಕೂಲಿಯನ್ನು ಟೆಂಡರಿನಲ್ಲೇ ಬರೆಯತಕ್ಕದ್ದು.

ವ್ಯಾಪಾರಿ ಬಂಧುಗಳು ಇದನ್ನು ಕೂಲಿಯವರ ಗೋಜೆಂದು ತಳ್ಳಿಹಾಕಬಾರದು. ಹೊರಗಿನ ದೊಡ್ಡ ಕಂಪನಿ ಮಾಲನ್ನೂ ಆಳನ್ನೂ ಲಾರಿಯಲ್ಲಿ ತಂದಿಳಿಸಿದರೆ ಊರಿನ ಸುಣ್ಣದಂಗಡಿಗೂ ಹಾರ್ಡ್‌ವೇರ್ ಅಂಗಡಿಗೂ ಸಿಗುವುದು ಧೂಳು ಮಾತ್ರ. ಊರಿನವನೇ ಕಲಿತರೆ ಸುಣ್ಣ, ಬಣ್ಣ, ಮೊಳೆ, ಹಲಗೆ ಎಲ್ಲವೂ ಊರಿನಂಗಡಿಯಿಂದ ಹೋಗುತ್ತವೆ. ಕೂಲಿಯೂ ಅದೇ ಅಂಗಡಿಗೆ ಮರಳುತ್ತದೆ.

ಪಂಚಾಯಿತಿಯ ಗ್ರಾಮಸಭೆಯಲ್ಲಿ ಈ ಐದು ಅಂಶಗಳನ್ನು ಠರಾವಾಗಿ ಮಂಡಿಸಬೇಕೆಂದು ಹೋಬಳಿಯ ನೇಕಾರರನ್ನೂ ಗಾರೆಯವರನ್ನೂ ಅಂಗಡಿಯವರನ್ನೂ ನಾವು ಕೇಳಿಕೊಳ್ಳುತ್ತೇವೆ. ಹಣ ಮಂಜೂರಾಗಿ ಕಂಟ್ರಾಕ್ಟು ಕೈಸೇರಿದ ಮೇಲೆ ಕೂಗಿ ಫಲವಿಲ್ಲ. ಭತ್ತ ಕಣಕ್ಕೆ ಬರುವ ಮೊದಲೇ ಕೊಳಗವನ್ನು ಸರಿಮಾಡಿಸಿಕೊಳ್ಳಬೇಕು.