ಆಂಬುಲೆನ್ಸ್ ನಮ್ಮ ಹಕ್ಕಾಗಲಿ



ನೀರು, ಕರೆಂಟು, ರಸ್ತೆ ಬೇಕು ಅಂತ ಗ್ರಾಮಸಭೆಯಲ್ಲಿ ಎಲ್ಲರೂ ಕೇಳುತ್ತಾರೆ. ಆಂಬುಲೆನ್ಸ್ ಬೇಕು ಅಂತ ಕೇಳಿದ್ದನ್ನು ನಾನು ನೋಡಿಲ್ಲ. ಕಷ್ಟ ಬಂದ ದಿನ ಮಾತ್ರ ಅದರ ನೆನಪಾಗುತ್ತದೆ.

ಹೋದ ಮಳೆಗಾಲದಲ್ಲಿ ನಮ್ಮ ದೊಡ್ಡಪ್ಪನಿಗೆ ಗದ್ದೆ ಬದುವಿನಲ್ಲಿ ಹಾವು ಕಚ್ಚಿತು. ಅಣ್ಣ ಆಂಬುಲೆನ್ಸಿಗೆ ಫೋನ್ ಮಾಡಿದ. ಹತ್ತಿರದ ಗಾಡಿ ಹೆರಿಗೆ ಕೇಸಿಗೆ ಹೋಗಿತ್ತು. ಇನ್ನೊಂದು ಬರಲು ಒಂದು ಗಂಟೆ ಆಗುತ್ತೆ ಅಂದರು. ದೊಡ್ಡಮ್ಮ ಅಳುತ್ತಾ ಕೂತುಬಿಟ್ಟರು. ಕೊನೆಗೆ ತರಕಾರಿ ಸಾಗಿಸುವ ಗೂಡ್ಸ್ ಆಟೋದಲ್ಲಿ ಚಾಪೆ ಹಾಸಿ, ಮಲಗಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದೆವು. ದೇವರ ದಯೆಯಿಂದ ದೊಡ್ಡಪ್ಪ ಬದುಕಿದರು. ಇದರಲ್ಲಿ ಡ್ರೈವರಣ್ಣನ ತಪ್ಪೇನಿಲ್ಲ. ಅಷ್ಟೊಂದು ಊರಿಗೆ ಒಂದೇ ಗಾಡಿ ಇದ್ದರೆ ಅವರಾದರೂ ಏನು ಮಾಡ್ತಾರೆ?

ನನಗೀಗ 13 ವರ್ಷ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಕೊಡಲೇಬೇಕು ಅಂತ 2009ರಲ್ಲಿ ಕಾನೂನು ಆಯಿತು. 2013ರ ಕಾನೂನಿನಿಂದ ಬಡವರಿಗೆ ರೇಷನ್ ಕೂಡ ಹಕ್ಕಾಯಿತು. ಆದರೆ ನಮ್ಮ ರಾಜ್ಯದಲ್ಲಿ 2008ರಲ್ಲಿ ಶುರುವಾದ 108 ಒಂದು ಯೋಜನೆ. ಅದು ಒಳ್ಳೆಯ ಯೋಜನೆಯೇ. ಬಡವರಿಂದ ದುಡ್ಡು ಕೇಳುವುದಿಲ್ಲ. ಆದರೂ ಯೋಜನೆ ಬೇರೆ, ಹಕ್ಕು ಬೇರೆ. ಹಕ್ಕಾದರೆ ಗಾಡಿ ಯಾಕೆ ಬರಲಿಲ್ಲ ಅಂತ ನಾವು ಕೇಳಬಹುದು, ಅವರು ಉತ್ತರ ಕೊಡಲೇಬೇಕು.

ಪಶ್ಚಿಮ ಬಂಗಾಳದಲ್ಲಿ 1992ರಲ್ಲಿ ರೈಲಿನಿಂದ ಬಿದ್ದ ಒಬ್ಬ ಕೂಲಿಕಾರನನ್ನು ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ವಾಪಸ್ ಕಳಿಸಿದವಂತೆ. ಸಕಾಲಕ್ಕೆ ಚಿಕಿತ್ಸೆ ಕೊಡದಿದ್ದರೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೆ ಭಂಗ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಂಬುಲೆನ್ಸಿನಲ್ಲಿ ಬೇಕಾದ ಸಾಮಾನೂ ಚಿಕಿತ್ಸೆ ಕೊಡುವವರೂ ಇರಬೇಕು ಎಂದಿತು. ಇದನ್ನು ನಮ್ಮ ಸಮಾಜ ಮೇಷ್ಟ್ರು ಹೇಳಿಕೊಟ್ಟರು.

ಆದ್ದರಿಂದ ಎಷ್ಟು ಜನಕ್ಕೆ ಒಂದು ಗಾಡಿ, ಎಷ್ಟು ನಿಮಿಷದಲ್ಲಿ ಬರಬೇಕು, ಬರದಿದ್ದರೆ ಯಾರನ್ನು ಕೇಳಬೇಕು, ಇವೆಲ್ಲಾ ಕಾನೂನಿನಲ್ಲೇ ಬರೆದಿರಬೇಕು. ಅದರಲ್ಲಿ ದುಡಿಯುವವರಿಗೆ ಸರಿಯಾಗಿ ಸಂಬಳವೂ ಸಿಗಬೇಕು. ಇಷ್ಟಕ್ಕೆಲ್ಲಾ ದುಡ್ಡೆಲ್ಲಿದೆ ಅಂತ ಕೆಲವರು ಕೇಳಬಹುದು. ಶಾಲೆಗೆ, ರೇಷನ್ನಿಗೆ ದುಡ್ಡು ಹೊಂದಿಸಿದ ಹಾಗೆ ಇದಕ್ಕೂ ಹೊಂದಿಸಬೇಕು.

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಐದನೇ ಕ್ಲಾಸಿನಲ್ಲಿದ್ದಾಗ ತಮಾಷೆಗೆ ನಾನೂ ಆಂಬುಲೆನ್ಸಿಗೆ ಫೋನ್ ಮಾಡಿ ಕಟ್ ಮಾಡಿದ್ದೆ. ಆ ಹೊತ್ತಿನಲ್ಲಿ ಯಾರ ದೊಡ್ಡಪ್ಪ ಕಾಯುತ್ತಿದ್ದರೋ ಗೊತ್ತಿಲ್ಲ. ನೀವು ಯಾರೂ ಹಾಗೆ ಮಾಡಬೇಡಿ. ಮುಂದಿನ ಗ್ರಾಮಸಭೆಗೆ ಹೋಗುವಾಗ ಇದನ್ನೂ ಕೇಳಿ ಎಂದು ನಿಮ್ಮ ಅಪ್ಪ ಅಮ್ಮನಿಗೆ ಹೇಳಿ. ನಾನು ನಮ್ಮಪ್ಪನಿಗೆ ಹೇಳಿದ್ದೇನೆ.