ಮೆರವಣಿಗೆ ನಿಂತಿತು, ದೀಪ ಹತ್ತಿತು!



ಈ ವಾರ ಗಾಂಧಿನಗರದ ಸುದ್ದಿ ಇಲ್ಲ. ಯಾವ ಹೀರೋ ಯಾವ ಡೈರೆಕ್ಟರ್ ಮೇಲೆ ಮುನಿಸಿಕೊಂಡ ಅನ್ನೋ ಗುಸುಗುಸೂ ಇಲ್ಲ. ನಿಮ್ಮ ಬಸ್ಸು ಹೊರಡೋಕೆ ಇನ್ನೂ ಟೈಮಿದೆ ತಾನೆ? ಹಾಗಾದರೆ ನನ್ನ ಜೊತೆ ಇಂಗ್ಲೆಂಡಿನ ಒಂದು ಸಮುದ್ರದ ದಂಡೆಗೆ ಬನ್ನಿ. ಊರಿನ ಹೆಸರು ಬ್ಲ್ಯಾಕ್‌ಪೂಲ್. ನಾನೇನೂ ಹೋಗಿ ನೋಡಿದವನಲ್ಲ ಸ್ವಾಮಿ, ನನ್ನ ಹತ್ತಿರ ಪಾಸ್‌ಪೋರ್ಟೇ ಇಲ್ಲ! ಒಂದು ಫಿಲಂ ನೋಡಿ ಆ ಊರಿನ ಹುಚ್ಚು ಹಿಡಿಯಿತು. ಆಮೇಲೆ ಕೂತು ಅದರ ಚರಿತ್ರೆ ಓದಿದೆ.

ಫಿಲಂ ‘ಭಾಜಿ ಆನ್ ದಿ ಬೀಚ್’. 1993ರದು. ಗುರಿಂದರ್ ಚಡ್ಢಾ ನಿರ್ದೇಶಿಸಿದ ಮೊದಲ ಕಥಾಚಿತ್ರ, ಬರೆದವರು ಮೀರಾ ಸ್ಯಾಲ್. ಬರ್ಮಿಂಗ್‌ಹ್ಯಾಮಿನಲ್ಲಿ ನೆಲೆಸಿದ ನಮ್ಮ ಕಡೆಯ ಮೂಲದ ಹೆಂಗಸರು, ವಯಸ್ಸಾದ ಆಂಟಿಯರಿಂದ ಹಿಡಿದು ಹರೆಯದ ಹುಡುಗಿಯರವರೆಗೆ, ಒಂದು ವ್ಯಾನ್ ಹತ್ತಿ ಬ್ಲ್ಯಾಕ್‌ಪೂಲಿಗೆ ಹೊರಡ್ತಾರೆ. ಒಂದೇ ಒಂದು ದಿನ ಅವರಿಗೆ ಮಜಾ ಬೇಕು. ಅಷ್ಟೇ ಆಸೆ. ಆ ಒಂದು ದಿನಕ್ಕೂ ಅಡ್ಡ ಬರೋರು ಯಾರು ಗೊತ್ತಾ? ಅದನ್ನು ಇಂಟರ್‌ವಲ್ ಆದ ಮೇಲೆ ಹೇಳ್ತೀನಿ.

ಮೊದಲು ಊರಿನ ಕಥೆ ಕೇಳಿ.

1846ರಲ್ಲಿ ಬ್ಲ್ಯಾಕ್‌ಪೂಲಿಗೆ ರೈಲು ಬಂತು. ಅಲ್ಲಿಂದ ಶುರು ನೋಡಿ. ಸುತ್ತಲಿನ ಲಂಕಾಶೈರ್ ಪ್ರಾಂತ್ಯದ ತುಂಬಾ ಹತ್ತಿ ಗಿರಣಿಗಳು. ಅಲ್ಲಿನ ಊರುಗಳಲ್ಲಿ ‘ವೇಕ್ಸ್’ ಅಂತ ಹಬ್ಬ, ಮೂಲದಲ್ಲಿ ಚರ್ಚಿನ ಉತ್ಸವ. ನಮ್ಮ ಊರಹಬ್ಬ ಇದ್ದ ಹಾಗೆ. ಬರಬರುತ್ತಾ ಅದು ಗಿರಣಿಗಳಿಗೆ ಬೀಗ ಬೀಳೋ ಬೇಸಿಗೆ ರಜೆಯ ವಾರ ಆಯಿತು. ಈ ವಾರ ಒಂದು ಊರಿಗೆ ರಜೆ, ಮುಂದಿನ ವಾರ ಪಕ್ಕದ ಊರಿಗೆ. ಹೀಗಾಗಿ ಬೇಸಿಗೆ ಪೂರ್ತಿ ಬ್ಲ್ಯಾಕ್‌ಪೂಲ್ ಹೌಸ್‌ಫುಲ್!

ಆ ರಜೆಗೆ ಸಂಬಳ ಇರಲಿಲ್ಲ. ಸಂಬಳ ಸಹಿತ ರಜೆಯ ಕಾನೂನು ಬಂದದ್ದೇ 1938ರಲ್ಲಿ. ಅದಕ್ಕೇ ಜನ ವರ್ಷವಿಡೀ ಪುಡಿಗಾಸು ಕೂಡಿಸೋರು, ನಾವು ಚೀಟಿ ಕಟ್ಟೋ ಥರ. ಅಂದ ಹಾಗೆ ಈ ಪುಡಿಗಾಸಿನಲ್ಲಿ ನಮ್ಮ ಪಾಲೂ ಇತ್ತು. ಅದೇ ಲಂಕಾಶೈರಿನ ಬ್ಲ್ಯಾಕ್‌ಬರ್ನ್ ಊರಿನ ಮಗ್ಗಗಳು ನೇಯ್ದದ್ದು ಹೆಚ್ಚಾಗಿ ಇಂಡಿಯಾಕ್ಕೆ ಬರೋ ಧೋತರ. ನಮ್ಮ ಮುತ್ತಜ್ಜಂದಿರ ಸೊಂಟದ ಕಾಸು ಅಲ್ಲಿನ ಕುದುರೆ ಚಕ್ರ ತಿರುಗಿಸಿತು ಅಂದರೆ ತಪ್ಪೇನಿಲ್ಲ. ಆಮೇಲೆ ಗಾಂಧೀಜಿ ವಿದೇಶಿ ಬಟ್ಟೆ ಬೇಡ ಅಂದರು. 1931ರಲ್ಲಿ ತಾವೇ ಲಂಕಾಶೈರಿಗೆ ಹೋಗಿ ಆ ಗಿರಣಿ ಕಾರ್ಮಿಕರನ್ನು ಕಂಡು ಮಾತಾಡಿಸಿಯೂ ಬಂದರು. ಹೀರೋ ಅಂದರೆ ಅವರಪ್ಪಾ!

ಇರಲಿ. ಜನ ಬಂದರು, ಜನರ ಹಿಂದೆ ಮೋಜು ಬಂತು. 1894ರಲ್ಲಿ 518 ಅಡಿ ಎತ್ತರದ ಟವರ್ ನಿಂತಿತು. ಪ್ಯಾರಿಸ್ಸಿನ ಐಫೆಲ್ ಗೋಪುರ ನೋಡಿ ಕಟ್ಟಿದ್ದು, ಅದರ ನಾಲ್ಕು ಕಾಲುಗಳ ಮಧ್ಯೆ ಸರ್ಕಸ್! 1904ರಲ್ಲಿ ಜನರನ್ನು ಕೂರಿಸಿಕೊಂಡು ಗಾಳಿಯಲ್ಲಿ ಸುತ್ತೋ ಹಾರುವ ಯಂತ್ರ ಬಂತು. ಮಾಡಿದವನು ಹೈರಮ್ ಮ್ಯಾಕ್ಸಿಮ್, ಮೆಷಿನ್ ಗನ್ ಕಂಡುಹಿಡಿದ ಅದೇ ಆಸಾಮಿ. ಒಂದೇ ತಲೆಯಿಂದ ಸಾವೂ ಬಂತು, ಮಕ್ಕಳ ಕೇಕೆಯೂ ಬಂತು!

ಈಗ ಬರುತ್ತೆ ನೋಡಿ ಕ್ಲೈಮ್ಯಾಕ್ಸ್.

1923ರ ಜೂನ್. ಮೊದಲ ಮಹಾಯುದ್ಧ ಮುಗಿದು ನಾಲ್ಕೂವರೆ ವರ್ಷ. ಊರಿನವರು ಒಂದು ದೊಡ್ಡ ಐಡಿಯಾ ಮಾಡಿದರು. ಫ್ರಾನ್ಸಿನ ನೀಸ್ ಪಟ್ಟಣದ ಕಾರ್ನಿವಲ್ ಜಗತ್ಪ್ರಸಿದ್ಧ, ಅದೇ ಮಾದರಿಯಲ್ಲಿ ನಮ್ಮೂರಲ್ಲೂ ಆಗಲಿ ಅಂತ. ಕಾಗದದ ಮುದ್ದೆಯಿಂದ ಮಾಡಿದ ದೈತ್ಯ ತಲೆಗಳು, ವೇಷಗಳು, ಬ್ಯಾಂಡು, ಸಮುದ್ರದ ಪಕ್ಕದ ರಸ್ತೆಯಲ್ಲಿ ಮೆರವಣಿಗೆ. ಜನವೋ ಜನ! ನೋಡೋಕೆ ಬಂದವರೂ ವೇಷ ಹಾಕಿ ಕುಣಿದರು. ಅಲ್ಲಿ ಸ್ಕ್ರೀನ್ ಇಲ್ಲ, ಸ್ಟೇಜ್ ಇಲ್ಲ. ಜನವೇ ಹೀರೋ, ಜನವೇ ಆಡಿಯೆನ್ಸು.

1924ರಲ್ಲಿ ಮತ್ತೆ ನಡೆಯಿತು. ಆದರೆ ಈ ಸಲ ಕುಡಿತ ಹೆಚ್ಚಾಯಿತು, ಗಲಾಟೆ ಮಿತಿ ಮೀರಿತು. ಊರಿನ ಹಿರಿಯರು ಕೈಮುಗಿದರು. ಎರಡೇ ವರ್ಷ, ಶೋ ಎತ್ತಂಗಡಿ!

ಆ ಜಾಗಕ್ಕೆ ಬಂದದ್ದು ಏನು? ದೀಪ. 1879ರಲ್ಲೇ ಆ ಊರಿನಲ್ಲಿ ಎಂಟು ಆರ್ಕ್ ಲ್ಯಾಂಪ್ ಹಚ್ಚಿ ಜನರನ್ನು ದಂಗುಬಡಿಸಿದ್ದರು. 1912ರಲ್ಲಿ ಸುಮಾರು ಹತ್ತು ಸಾವಿರ ಬಲ್ಬು ಉರಿದಿದ್ದವು. ಯುದ್ಧ ಬಂದು ನಿಂತಿದ್ದ ಆ ದೀಪಾಲಂಕಾರವನ್ನು 1925ರಲ್ಲಿ ಮತ್ತೆ ಶುರು ಮಾಡಿದರು. ಲೆಕ್ಕಾಚಾರ ಪಕ್ಕಾ. ಬೇಸಿಗೆ ಮುಗಿದ ಮೇಲೂ ಜನ ಬರ್ತಾರೆ, ಲಾಡ್ಜುಗಳು ತುಂಬ್ತವೆ. ಗಲಾಟೆಯೂ ಇಲ್ಲ, ಯಾಕಂದರೆ ದೀಪದ ಕೆಳಗೆ ಜನ ಕುಣಿಯೋದಿಲ್ಲ, ತಲೆ ಎತ್ತಿ ನೋಡ್ತಾ ನಡೀತಾರೆ.

ಎರಡನೇ ಯುದ್ಧಕ್ಕೆ 1939ರಲ್ಲಿ ಆರಿದ ದೀಪವನ್ನು 1949ರಲ್ಲಿ ಮತ್ತೆ ಹಚ್ಚಿದವರು ಸಿನಿಮಾ ನಟಿ ಆನಾ ನೀಗಲ್. 1959ರಲ್ಲಿ ಸ್ವಿಚ್ ಹಾಕಿದ್ದು ಹಾಲಿವುಡ್ಡಿನ ಜೇನ್ ಮ್ಯಾನ್ಸ್‌ಫೀಲ್ಡ್. 1977ರಲ್ಲಿ ಯಾರು ಅಂತೀರಾ? ರೆಡ್ ರಮ್ ಅನ್ನೋ ರೇಸು ಕುದುರೆ! ಕುದುರೆಗೂ ಸ್ಟಾರ್ ಪಟ್ಟ ಸಿಕ್ಕಿತು, ಕುಣಿಯುತ್ತಿದ್ದ ಗಿರಣಿ ಕೆಲಸಗಾರನಿಗೆ ಮಾತ್ರ ನೋಡೋ ಕೆಲಸ ಉಳಿಯಿತು.

ಇಷ್ಟು ಓದಿ ನನಗೆ ಸಿಟ್ಟು ಬಂದಿತ್ತು ಗೆಳೆಯರೇ. ಯಾಕೆ ಅಂದರೆ ನಮ್ಮ ಕಥೆಯೂ ಇದೇ. ಫಸ್ಟ್ ಡೇ ಫಸ್ಟ್ ಶೋ ನಮ್ಮ ಕಾರ್ನಿವಲ್. ಕಟೌಟಿಗೆ ಹಾರ, ತಮಟೆ, ಸೀಟಿನ ಮೇಲೆ ಹತ್ತಿ ಕುಣಿತ. ನಮ್ಮೂರಿನ ಹಳೇ ಥಿಯೇಟರು ಮುಚ್ಚಿತು. ಪಟ್ಟಣದ ಮಾಲ್‌ನಲ್ಲಿ ಹೀರೋ ಎಂಟ್ರಿಗೆ ವಿಸಿಲ್ ಹೊಡೆದೆ, ಟಾರ್ಚ್ ಹಿಡಿದ ಹುಡುಗ ಬಂದು “ಸಾರ್, ಕೂತ್ಕೊಳ್ಳಿ” ಅಂದ. ಎಂಥಾ ಅವಮಾನ! ದೊಡ್ಡವರು ನಮ್ಮ ಜಾತ್ರೆ ಕಿತ್ತುಕೊಂಡರು ಅಂತ ಈ ಅಂಕಣ ಬರೆಯೋಕೆ ಕೂತಿದ್ದೆ.

ಬರೆದಷ್ಟನ್ನು ತಂಗಿಗೆ ಓದಿ ಹೇಳಿದೆ. ಹೈಸ್ಕೂಲಲ್ಲಿದ್ದಾಗ ಒಂದೇ ಸಲ ಅವಳನ್ನು ಆ ಹಳೇ ಥಿಯೇಟರಿಗೆ ಫಸ್ಟ್ ಶೋಗೆ ಕರೆದುಕೊಂಡು ಹೋಗಿದ್ದೆ. ಆಮೇಲೆ ಎಷ್ಟು ಕರೆದರೂ ಬರಲಿಲ್ಲ. ಯಾಕೆ ಅಂತ ನಾನು ಕೇಳಲೂ ಇಲ್ಲ. ಮೊನ್ನೆ ಹೇಳಿದಳು:

“ಅಣ್ಣ, ನಿಮ್ಮ ಹೀರೋ ಬಂದಾಗ ನೀನು ಸ್ಕ್ರೀನ್ ನೋಡ್ತಾ ಕುಣೀತಿದ್ದೆ. ನನ್ನ ಹಿಂದೆ ನಿಂತೋರು ಏನು ಮಾಡ್ತಿದ್ರು ಅಂತ ನೀನು ತಿರುಗಿ ನೋಡ್ಲೇ ಇಲ್ಲ.”

ನನ್ನ ಬಾಯಿ ಕಟ್ಟಿಹೋಯಿತು.

ಇಂಟರ್‌ವಲ್ ಆದ ಮೇಲೆ ಹೇಳ್ತೀನಿ ಅಂದಿದ್ದೆನಲ್ಲ? ಆ ಫಿಲಂನಲ್ಲಿ ಹೆಂಗಸರ ಒಂದು ದಿನದ ಮಜಾಕ್ಕೆ ಅಡ್ಡ ಬರೋದು ಮಳೆಯಲ್ಲ, ಕಾಸಿನ ಕೊರತೆಯಲ್ಲ. ದಾರಿಯಲ್ಲಿ ಬಿಳಿ ಹುಡುಗರ ಗುಂಪು ಅವರನ್ನು ಕೆಣಕಿ ಅವಮಾನ ಮಾಡುತ್ತೆ. ಹೊಡೆಯೋ ಗಂಡನನ್ನು ಬಿಟ್ಟು ಬಂದ ಗಿಂದರ್‌ಳನ್ನು ಹುಡುಕಿಕೊಂಡು ಗಂಡ ಅಣ್ಣತಮ್ಮಂದಿರ ಸಮೇತ ಬ್ಲ್ಯಾಕ್‌ಪೂಲಿಗೇ ಬರ್ತಾನೆ. ಅಡ್ಡ ಬಂದವರು ನಮ್ಮಂಥೋರೇ.

ಕಾರ್ನಿವಲ್ ನಿಲ್ಲಿಸಿದ್ದು ಊರಿನ ಹಿರಿಯರು, ನಿಜ. ಆದರೆ ಅವರ ಕೈಗೆ ಕಾರಣ ಕೊಟ್ಟವರು ಯಾರು? ಮೆರವಣಿಗೆಯಲ್ಲಿ ಮಿತಿ ಮೀರಿದ ಕೆಲವರು, ಪಕ್ಕದಲ್ಲೇ ಇದ್ದೂ ತಿರುಗಿ ನೋಡದ ಉಳಿದವರು. ಆ ಉಳಿದವರ ಸಾಲಿನಲ್ಲಿ ನಾನೂ ಇದ್ದೆ.

ಕುಣಿಯೋಣ ಗೆಳೆಯರೇ, ಬೇಡ ಅನ್ನಲ್ಲ. ವಿಸಿಲ್ ಬಿಟ್ಟರೆ ನಾವು ಅಭಿಮಾನಿಗಳೇ ಅಲ್ಲ! ಆದರೆ ಮುಂದಿನ ಶುಕ್ರವಾರ ಹೀರೋ ಎಂಟ್ರಿ ಆದಾಗ ಒಂದು ಸಲ ಹಿಂದಕ್ಕೆ ತಿರುಗಿ ನೋಡಿ. ಯಾರಾದರೂ ಹುಡುಗಿ ಮೈ ಹಿಡಿಮಾಡಿಕೊಂಡು ನಿಂತಿದ್ದರೆ, ಅಲ್ಲಿ ಕೈಯಾಡಿಸುತ್ತಿರೋನ ಕೈ ಹಿಡಿಯಿರಿ. ಎಂಟ್ರಿ ಸೀನ್ ಮಿಸ್ ಆದರೂ ಚಿಂತೆಯಿಲ್ಲ, ಮ್ಯಾಟಿನಿಗೆ ಇನ್ನೊಂದು ಸಲ ನೋಡಬಹುದು.

ತಂಗಿಗೆ ಎರಡು ಟಿಕೆಟ್ ತರ್ತೀನಿ ಅಂದಿದ್ದೀನಿ. “ನೋಡೋಣ” ಅಂದಿದ್ದಾಳೆ. ಅಷ್ಟಾದರೂ ಅಂದಳಲ್ಲ!

ಬಸ್ಸು ಹಾರ್ನ್ ಹೊಡೀತಾ ಇದೆ, ಹತ್ತಿಕೊಳ್ಳಿ. ಮುಂದಿನ ವಾರ ಸಿಗೋಣ.