ಖಾತೆಯ ವಿಮೆಯೂ ದೂರದ ಪ್ರಯಾಣವೂ

ಕೊಲ್ಲಿ ದೇಶಗಳಲ್ಲಿರುವ ಮಕ್ಕಳ ಮನೆಗೆ ಎರಡು ಮೂರು ತಿಂಗಳ ಮಟ್ಟಿಗೆ ಹೊರಡುವ ಹಿರಿಯರು ನಮ್ಮ ಊರುಗಳಲ್ಲಿ ಕಡಿಮೆಯಲ್ಲ. ‘ಬ್ಯಾಂಕಿನಲ್ಲಿ ವಿಮೆ ಇದೆಯಲ್ಲ’ ಎಂಬ ಧೈರ್ಯ ಹಲವರಿಗೆ. ಆ ಧೈರ್ಯಕ್ಕೆ ಆಧಾರವೆಷ್ಟೆಂಬುದನ್ನು ನಾವು ವಿಚಾರಿಸಬೇಕಾಗಿದೆ.

ಖಾತೆಯಿಂದ ವರ್ಷಕ್ಕೊಮ್ಮೆ ಕಳೆಯುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು 2015ರಲ್ಲಿ 12 ರೂಪಾಯಿ ಇತ್ತು. 2022ರ ಜೂನ್‌ನಿಂದ 20 ರೂಪಾಯಿ. ಅಪಘಾತದಲ್ಲಿ ಮರಣವಾದರೆ 2 ಲಕ್ಷ ದೊರೆಯುತ್ತದೆ. ಆಸ್ಪತ್ರೆಯ ಖರ್ಚು ದೊರೆಯುವುದಿಲ್ಲ. 70 ದಾಟಿದವರಿಗೆ ಅದೂ ಇಲ್ಲ.

ಆಸ್ಪತ್ರೆಯ ಖರ್ಚಿಗೆ ಬೇರೆಯೇ ಪ್ರವಾಸ ವಿಮೆ ಬೇಕು. ದಿನಗಳು ಹೆಚ್ಚಿದಂತೆ, ವಯಸ್ಸು ಹೆಚ್ಚಿದಂತೆ ಅದರ ದರ ಏರುತ್ತದೆ. 30 ದಿನಕ್ಕೆ ಮಾಡಿಸಿ, ಮಗಳ ಬಾಣಂತನಕ್ಕೆಂದು 90 ದಿನ ನಿಂತರೆ ಉಳಿದ 60 ದಿನಕ್ಕೆ ಮತ್ತೆ ಹಣ ತೆರಬೇಕು. ಸಾಮಾನ್ಯವಾಗಿ ಅವಧಿ ಮುಗಿಯುವ ಮೊದಲೇ ಅರ್ಜಿ ಕೊಡಬೇಕು; ಅಷ್ಟರಲ್ಲಿ ಕಾಯಿಲೆ ಬಿದ್ದಿದ್ದರೆ ಕಂಪೆನಿ ಒಪ್ಪಲೇಬೇಕೆಂದಿಲ್ಲ.

ಆದುದರಿಂದ ಹೊರಡುವ ಮೊದಲೇ ಪೂರ್ತಿ ದಿನಗಳಿಗೆ ಮಾಡಿಸುವುದು ಲೇಸು. ಎಷ್ಟು ದಿನ, ಹಳೆಯ ಕಾಯಿಲೆ ಸೇರಿದೆಯೆ, ಅವಧಿ ಮುಂದುವರಿಸಲು ಎಷ್ಟು ಹಣ ಎಂಬ ಮೂರನ್ನು ಕೇಳಿಯೇ ಸಹಿ ಹಾಕಬೇಕು. ಷರತ್ತುಗಳು ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ತಿಳಿಯಹೇಳಿರೆಂದು ಕೇಳಲು ನಾವು ಸಂಕೋಚಪಡಬೇಕಾಗಿಲ್ಲ.